ಇಬ್ಬರ ಆಟಕ್ಕೆ ಬೀಗ

ಮಾರ್ಚ್ 3, ಸೋಮವಾರ

ಇವತ್ತು ಕಡಲಹಕ್ಕಿಗಳನ್ನು ಕೊಂದೆ. ಅರ್ಧದಷ್ಟು. ಶುಕ್ರವಾರ ದಡದ ಹುಲ್ಲು ಬೋಳಿಸಿದ್ದೆ. ಅದಕ್ಕೂ ಮುಂಚೆ ನೆರಳು. ಟಿವಿಗೆ ಸಿಕ್ಕಿಸಿ ಆಡುವ ದೊಡ್ಡ ಮೆಷಿನ್‌ಗೆಂದು ಮಾಡಿದ ವಿಡಿಯೋ ಗೇಮನ್ನು ಸಣ್ಣ ಮೆಷಿನ್‌ಗೆ ಇಳಿಸುವ ಕೆಲಸ ಅಂದರೆ ಇದೇ. ಕತ್ತರಿಸು, ಓಡಿಸಿ ನೋಡು, ಮತ್ತೆ ಕತ್ತರಿಸು.

ಆಟದ ಕಂಪನಿಗೆ ಸಣ್ಣ ಮೆಷಿನ್ ಮೇಲೆ ಮೊದಲಿನಿಂದಲೂ ಮಲತಾಯಿ ಧೋರಣೆ. ದೊಡ್ಡದಕ್ಕೆ ನೂರಾರು ಜನ, ವರ್ಷಗಟ್ಟಲೆ ಸಮಯ. ಸಣ್ಣದಕ್ಕೆ ಹೊರಗಿನ ಗುತ್ತಿಗೆ — ನಾವು ನಾಲ್ಕು ಜನ, ಕಿಟಕಿಯಿಲ್ಲದ ಕೋಣೆ, ಕೆಟ್ಟ ಏಸಿ. ಆಮೇಲೆ ಅವರೇ 'ಸಣ್ಣದರಲ್ಲಿ ನಮ್ಮ ಆಟ ಮಾರಾಟ ಆಗಲ್ಲ' ಅಂತ ಮೂಗು ಮುರಿಯುತ್ತಾರೆ. ಕೈಕಾಲು ಕಟ್ಟಿ ನೀರಿಗೆ ಎಸೆದು, ಪಾಪ ಈಜು ಬರಲ್ಲ ಅಂದ ಹಾಗೆ. ಥೂ.

ಮನೆಗೆ ಬಂದು ಚಪ್ಪಲಿ ಬಿಟ್ಟಿಲ್ಲ, ಅತ್ತೆಯ ಪ್ರಶ್ನೆ. "ನಾಲ್ಕನೇ ಭಾಗ ಎಲ್ಲಿಗ್ ಬಂತು?"

"ಆಗ್ತಿದೆ ಅತ್ತೆ."

"ನೀನು ಮಾಡೋ ಹೊತ್ತಿಗೆ ನನ್ನ ಕಣ್ಣಿಗೆ ಪೊರೆ ಬಂದಿರತ್ತೆ."

ಮಾರ್ಚ್ 5, ಬುಧವಾರ

ಆಫೀಸಿನ ಹೊಸಬಳು ಊಟದ ಹೊತ್ತಿನಲ್ಲಿ ಕೇಳಿದಳು — ಗಂಡ ಬಿಟ್ಟು ಹೋದ ಮೇಲೂ ಅತ್ತೆ ನಿಮ್ಮ ಜೊತೆಗೇ ಇದ್ದಾರಾ? ಇದ್ದಾರೆ. ಅವರ ಮಗ ಇನ್ನೊಬ್ಬಳ ಜೊತೆ ಮನೆ ಮಾಡಿದ ದಿನ ಅತ್ತೆ ಹೇಳಿದ್ದು ಇಷ್ಟೇ: "ಹೋಗೋನು ಅವನು. ನಾನ್ಯಾಕೆ ಹೋಗ್ಲಿ? ನನ್ನ ಮಂಚ ಇಲ್ಲಿದೆ."

ನಮ್ಮಿಬ್ಬರಿಗೆ ಮಾತಾಡಲು ವಿಷಯವಿಲ್ಲ. ಅವನ ಬಗ್ಗೆ ಆಡುವಂತಿಲ್ಲ. ಅವನನ್ನು ಬಿಟ್ಟರೆ ಇಬ್ಬರಿಗೂ ಹೊಂದುವ ಮಾತೇ ಇಲ್ಲ. ಇರುವುದು ಈ ದೋಣಿಯ ಆಟ. ಅವನು ಬಿಟ್ಟುಹೋದ ಸಣ್ಣ ಮೆಷಿನ್. ಅತ್ತೆ ಚುಕ್ಕಾಣಿ, ನಾನು ಎಂಜಿನ್. ಬಂಡೆಗೆ ಬಡಿದರೆ ನನ್ನ ತಪ್ಪು, ನೀರು ನುಗ್ಗಿದರೂ ನನ್ನ ತಪ್ಪು. ಸಂಜೆ ಒಂದು ಗಂಟೆ ಬಾಯಿತುಂಬ ಬೈಯುತ್ತಾರೆ. ನಾನೂ ಬಿಡುವುದಿಲ್ಲ. ಬೈದು ಮುಗಿದ ಮೇಲೆ ಊಟ ರುಚಿಸುತ್ತದೆ, ಇಬ್ಬರಿಗೂ.

ಮೂರೂ ಭಾಗ ಮುಗಿಸಿ ಕೂತಿದ್ದೇವೆ. ನಾನು ಆಫೀಸಿನಲ್ಲಿ ಇಳಿಸುತ್ತಿರುವುದು ಇದರದ್ದೇ ನಾಲ್ಕನೆಯದು. "ಹಳೇದನ್ನೇ ಎಷ್ಟು ಸಲ ಅಗಿಯೋದು?" ಅನ್ನುತ್ತಾರೆ.

ಅವರ ಮಗನಿಗೂ ಇದು ಗೊತ್ತು. ದೊಡ್ಡ ಮೆಷಿನ್ ಕೊಂಡಿದ್ದಾನಂತೆ. "ಅಮ್ಮಾ, ಇದರಲ್ಲಿ ಎಲ್ಲಾ ಆಟ ಬರತ್ತೆ. ಇಲ್ಲೇ ಬಂದಿರು" ಅಂತ ಫೋನು. ಗಾಳ ಹಾಕುವುದನ್ನು ಅವನಿಂದ ಕಲಿಯಬೇಕು.

ಮಾರ್ಚ್ 11, ಮಂಗಳವಾರ

ಓಡಿತು! ಇಬ್ಬರ ಆಟ. ಸಣ್ಣ ಮೆಷಿನ್ ಮೇಲೆ. ಆಗಲ್ಲ ಅಂತ ಎಲ್ಲರೂ ಕೈ ಬಿಟ್ಟಿದ್ದರು. ಪರದೆ ಎರಡು ಭಾಗ, ಎರಡರಲ್ಲೂ ಕಡಲು, ಒಂದು ಕಡೆಯೂ ತಡವರಿಸಲಿಲ್ಲ. ಹಕ್ಕಿ ಕೊಂದ ಪಾಪ ಇವತ್ತು ಕಳೆಯಿತು.

ಮನೆಗೆ ತಂದು ತೋರಿಸುವಂತಿಲ್ಲ — ಆಫೀಸಿನ ಮೆಷಿನ್ ಹೊಸ್ತಿಲು ದಾಟುವ ಹಾಗಿಲ್ಲ, ಬಾಗಿಲಲ್ಲಿ ಬ್ಯಾಗು ಬಿಚ್ಚಿಸುತ್ತಾರೆ. ಅತ್ತೆಗೆ ಸುದ್ದಿ ಮಾತ್ರ ಹೇಳಿದೆ. ನಗಲಿಲ್ಲ. ಎದ್ದುಹೋಗಿ ಕನ್ನಡಕ ಒರೆಸಿಕೊಂಡು ಬಂದು ಕೂತರು. ಆಟ ಇವತ್ತೇ ಶುರು ಅನ್ನುವ ಹಾಗೆ.

ಮಾರ್ಚ್ 13, ಗುರುವಾರ

ವಾಕರಿಕೆ. ಬೇರೆ ಪದ ಸಿಗುತ್ತಿಲ್ಲ.

ಆಟದ ಕಂಪನಿಯವನ ಜೊತೆ ವಿಡಿಯೋ ಮೀಟಿಂಗ್. ನಾವು ಅವನಿಗೆ ಇಟ್ಟ ಹೆಸರು ಬೆಣ್ಣೆ. ಇಬ್ಬರ ಆಟ ಓಡಿಸಿ ತೋರಿಸಿದೆ. "ವಾವ್. ಬ್ಯೂಟಿಫುಲ್. ಎಂಥಾ ಕೆಲಸ ಮೇಡಂ!" ಅಂದ. ಆಮೇಲೆ ಅದೇ ನಗೆಯಲ್ಲಿ, "ಇದನ್ನ ಆಫ್ ಮಾಡ್ಬಿಡಿ."

ಯಾಕೆ?

ದೊಡ್ಡ ಮೆಷಿನ್‌ನವರ ಜೊತೆ ಒಪ್ಪಂದವಾಗಿದೆಯಂತೆ. ಇಬ್ಬರ ಆಟ ಅವರಲ್ಲಿ ಮಾತ್ರ. ಜಾಹೀರಾತು ಆಗಲೇ ತಯಾರು.

"ಕೊಂಡವರು ಕೇಳಿದ್ರೆ ಏನು ಹೇಳ್ತೀರಿ?" ಅಂದೆ.

"ಹಾರ್ಡ್‌ವೇರ್ ತಾಕತ್ತು ಸಾಲಲ್ಲ ಅಂತ ಹೇಳ್ತೀವಿ. ಎಲ್ಲರೂ ನಂಬ್ತಾರೆ."

ಈಗಷ್ಟೇ ಅವನ ಕಣ್ಣೆದುರು ಓಡಿದೆ! ನಮ್ಮ ಮ್ಯಾನೇಜರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಹೊರಗೆ ಬಂದ ಮೇಲೆ, "ಅಮ್ಮಾ ತಾಯಿ, ಮುಂದಿನ ಗುತ್ತಿಗೆನೂ ಇವರದ್ದೇ. ನಾಲ್ಕು ಜನರ ಹೊಟ್ಟೆ ಮೇಲೆ ಹೊಡೀಬೇಡ" ಅಂದರು.

ಮಾರ್ಚ್ 14, ಶುಕ್ರವಾರ

ಮುಚ್ಚಿದೆ. ಒಂದೇ ಸಾಲು ಕೋಡು. ತಿಂಗಳುಗಟ್ಟಲೆ ಕಟ್ಟಿದ್ದಕ್ಕೆ ಒಂದು ಸಾಲಿನ ಬೀಗ. ಬೆಣ್ಣೆಯಿಂದ ಕೂಡಲೇ ಮೆಸೇಜು, ಹೆಬ್ಬೆರಳಿನ ಚಿತ್ರ. ಕೈ ತೊಳೆದುಕೊಂಡೆ, ಸೋಪು ಹಾಕಿ.

ಅತ್ತೆಗೆ ಹೇಳಲಿಲ್ಲ. ನಾಳೆ.

ಏಪ್ರಿಲ್ 18, ಶುಕ್ರವಾರ

ನಾಳೆ ನಾಳೆ ಅಂತಲೇ ಬಿಡುಗಡೆಯ ದಿನ ಬಂತು. ಅತ್ತೆ ತಾವೇ ಅಂಗಡಿಗೆ ಹೋಗಿ ತಂದಿದ್ದಾರೆ. ಎರಡನೇ ಕಂಟ್ರೋಲರ್ ಚಾರ್ಜ್ ಮಾಡಿ ನನ್ನ ಜಾಗದಲ್ಲಿ ಇಟ್ಟಿದ್ದರು. ಅದು ಹಾಗೇ ಇತ್ತು. ಅತ್ತೆ ಒಬ್ಬರೇ ಆಡುತ್ತಿದ್ದರು.

"ಎಂಜಿನ್ ಇದೇ ನೋಡ್ಕೊಳ್ಳತ್ತೆ. ಒಂದು ತಪ್ಪೂ ಮಾಡಲ್ಲ," ಅಂದರು ಪರದೆ ನೋಡುತ್ತಲೇ. "ಇನ್ನು ಯಾರನ್ನ ಬೈಯೋದು?"

ನಿಂತಲ್ಲೇ ಎಲ್ಲ ಹೇಳಿದೆ. ಓಡಿಸಿದ್ದೆ ಅಂತ. ಚೆನ್ನಾಗಿಯೇ ಓಡಿತ್ತು ಅಂತ. ಮುಚ್ಚಿಸಿದ್ದು ಅವರು, ಮುಚ್ಚಿದ್ದು ನಾನು ಅಂತ.

"ಒಂದು ತಿಂಗಳಿಂದ ಗೊತ್ತಿತ್ತಾ?"

"ಹೂಂ."

"ನಾನು ದಿನಾ ಕೇಳ್ತಿದ್ದೆ. ನೀನು ಆಗ್ತಿದೆ ಆಗ್ತಿದೆ ಅಂತಿದ್ದೆ."

"ಹೊಟ್ಟೆಪಾಡು ಅತ್ತೆ..."

"ಕೆಲಸದ ವಿಷಯ ಬಿಡು. ನನ್ನ ಹತ್ರ ಮುಚ್ಚಿಟ್ಯಲ್ಲ, ಅದು. ಅವನೂ ಹೀಗೇ ಮುಚ್ಚಿಟ್ಟಿದ್ದ. ಅವನನ್ನ ಹೆತ್ತಿದ್ದೀನಿ, ಸಹಿಸ್ಕೋಬೇಕು. ನಿನಗೇನಾಗಿತ್ತು?"

ಎದೆಗೆ ಒದ್ದ ಹಾಗಾಯಿತು.

ಏಪ್ರಿಲ್ 20, ಭಾನುವಾರ

ಅತ್ತೆ ಹೋದರು. ಮಗ ಕಾರು ಕಳಿಸಿದ್ದ. ಎರಡು ಚೀಲ, ದಿಂಬು. ಮಂಚ ಇಲ್ಲೇ ಇದೆ. "ಬರ್ತೀನಿ" ಅಂದರು. ಯಾವಾಗ ಅಂತ ಹೇಳಲಿಲ್ಲ, ನಾನು ಕೇಳಲಿಲ್ಲ.

ಸಿಟ್ಟಿಗೆ ಪಾತ್ರೆ ಕುಕ್ಕಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಮನೆಯಲ್ಲಿ ಕೊತ್ತಿಯೂ ಇಲ್ಲ.

ಮೇ 2, ಶುಕ್ರವಾರ

ಬೆಣ್ಣೆಯ ಈಮೇಲು. ಸಣ್ಣ ಮೆಷಿನ್‌ನಲ್ಲಿ ಮಾರಾಟ ಬಹಳ ಕಡಿಮೆ. 'ಅಲ್ಲಿಯ ಆಟಗಾರರಿಗೆ ಇಂಥ ಆಟದಲ್ಲಿ ಆಸಕ್ತಿ ಇಲ್ಲವೆಂದು ಕಾಣುತ್ತದೆ.' ಐದನೇ ಭಾಗ ದೊಡ್ಡದಕ್ಕೆ ಮಾತ್ರ. ನಮ್ಮ ಗುತ್ತಿಗೆಯೂ ಇಲ್ಲ.

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಯಾರ ಹೊಟ್ಟೆ ಉಳಿಯಿತು ಈಗ? ಮಾನವೂ ಹೋಯಿತು, ಊಟವೂ ಹೋಯಿತು. ಆಸಕ್ತಿ ಇಲ್ಲವಂತೆ! ಕನ್ನಡಕ ಒರೆಸಿಕೊಂಡು ಕೂತಿದ್ದ ಮುದುಕಿಗೆ ಆಸಕ್ತಿ ಇರಲಿಲ್ಲವಂತೆ. ಛೀ, ಇವರ ಬಾಯಿಗೆ ಮಣ್ಣು ಹಾಕ.

ಮೇ 3, ಶನಿವಾರ

ಅತ್ತೆಯ ಫೋನು. ಹೋದ ಮೇಲೆ ಮೊದಲನೆಯದು. ಯೋಗಕ್ಷೇಮ ಏನೂ ಇಲ್ಲ.

"ಇವನಿಗೆ ಎಂಜಿನ್ ಬರಲ್ಲ ಕಣೇ. ಎರಡು ಸಲ ಮುಳುಗಿಸಿ, ಬೇಜಾರು ಅಂತ ಎದ್ದು ಹೋದ. ನಾಳೆ ಬಾ."

"ಆ ಮನೆಗಾ? ಸತ್ರೂ ಬರಲ್ಲ."

"ನಾನೇನು ಅವನ ಸಂಸಾರ ನೋಡು ಅಂದ್ನಾ? ಎಂಜಿನ್ ನೋಡು ಅಂದೆ."

ಇಟ್ಟುಬಿಟ್ಟರು.

ಮೇ 4, ಭಾನುವಾರ, ಬೆಳಗ್ಗೆ

ಅವನ ಮನೆಯ ಬಚ್ಚಲಿನಲ್ಲಿ ನಿಂತು ಫೋನಿನಲ್ಲಿ ಬರೆಯುತ್ತಿದ್ದೇನೆ. ನಾಚಿಕೆ ಅನ್ನುವುದು ನನಗೆ ಉಳಿದಿಲ್ಲ.

ಅವಳು ಮನೆಯಲ್ಲಿರಲಿಲ್ಲ, ಪುಣ್ಯ. ಅವನು ಚಡ್ಡಿಯಲ್ಲೇ ಬಾಗಿಲು ತೆಗೆದ. ಹಾಲು ಬಣ್ಣದ ಸೋಫಾ, ಗೋಡೆಯಗಲದ ಟಿವಿ. ಅತ್ತೆ ನನ್ನ ಮುಖ ನೋಡದೆ ಕಂಟ್ರೋಲರ್ ಮುಂದೆ ಚಾಚಿದರು. ಕೂತೆ.

ನಾನು ಕೊಂದ ಹಕ್ಕಿಗಳೆಲ್ಲ ಹಾರುತ್ತಿದ್ದವು. ಹುಲ್ಲು, ನೆರಳು, ಎಲ್ಲ ಇತ್ತು. ಚಂದವೇ, ಸುಳ್ಳು ಹೇಳಲಾರೆ. ಆದರೆ ದೋಣಿ ಓಡುವುದು ಹೀಗೇ, ಇಷ್ಟೇ. ನಮ್ಮದರಲ್ಲೂ ಹೀಗೇ ಓಡಿತ್ತು.

ಅವನು ಹಿಂದೆ ನಿಂತು, "ಆ ಸಣ್ಣ ಡಬ್ಬದಲ್ಲಿ ಇದೆಲ್ಲ ಎಲ್ಲಿ ಆಗತ್ತೆ? ತಾಕತ್ತಿಲ್ಲ ಅಂತ ಕಂಪನಿಯವರೇ ಹೇಳಿದ್ದಾರಲ್ಲ," ಅಂದ.

ಬಾಯಿ ಬಿಡುವುದಿಲ್ಲ ಅಂತ ಕಂಪನಿಗೆ ಸಹಿ ಹಾಕಿಕೊಟ್ಟಿದ್ದೇನೆ.

ಅತ್ತೆ ಚುಕ್ಕಾಣಿ ಬಿಡದೆ, ತಿರುಗದೆ, ಅಂದರು: "ಆಗ್ತಿತ್ತು ಕಣೋ. ಇವಳು ಓಡಿಸಿದ್ಲು."

ಕಣ್ಣು ತುಂಬಿತು. ಈ ಮನೆಯಲ್ಲಿ, ಈ ಸೋಫಾ ಮೇಲೆ, ಇವನ ಎದುರಿಗೆ! ಅಸಹ್ಯ. ಕಂಟ್ರೋಲರ್ ಬಿಸಾಕಿ ಇಲ್ಲಿಗೆ ಬಂದು ಚಿಲಕ ಹಾಕಿಕೊಂಡೆ. ಅವನ ಟವೆಲ್ಲಿಗೆ ಮೂಗು ಒರೆಸಿದೆ, ಬೇಕೆಂದೇ.

ಅತ್ತೆ ಹೊರಗಿನಿಂದ ಕೂಗುತ್ತಿದ್ದಾರೆ. "ಏನೇ, ಎಲ್ಲಿ ಸತ್ತೆ? ನೀರು ಸೊಂಟಕ್ಕೆ ಬಂತು! ಎಂಜಿನ್ ಯಾರು, ನಿನ್ನಪ್ಪ ನೋಡ್ತಾನಾ?"

ಬಂದೆ ಅತ್ತೆ, ಒಂದು ನಿಮಿ