ಐವರಲ್ಲಿ ನಡುವಿನ ಸ್ಥಾನ

ಶ್ರೀ ರಂಗನಾಥನ ಪಾದವೇ ಗತಿ

ವಿಶ್ವಾವಸು ಸಂವತ್ಸರ, ಹೇಮಂತ ಋತು,
ಮಾರ್ಗಶಿರ ಶುದ್ಧ ಏಕಾದಶಿ, ಸೋಮವಾರ
ಮಾಗಡಿ

ಹೈಸ್ಕೂಲಿನ ದಿನಗಳಿಂದ ಇಂದಿನವರೆಗೆ ಆಟದಂಗಳದಲ್ಲಿ ನನ್ನ ಬೆನ್ನ ಹಿಂದೆ ನಿಂತು ಕಾದ ಸಖ ಪುಟ್ಟಲಿಂಗಯ್ಯನಿಗೆ, ಹನುಮಂತಯ್ಯನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮವೆಂದು ಮೊದಲ ಸಾಲಿನಲ್ಲಿಯೇ ಬರೆಯುವುದು ಹಿರಿಯರು ಹಾಕಿಕೊಟ್ಟ ಕ್ರಮ. ಸೇವೆಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಪತ್ರಲೇಖನವನ್ನು ಕಲಿಸಿದ ನಾನೇ ಇಂದು ಆ ಕ್ರಮವನ್ನು ಮುರಿಯುತ್ತಿದ್ದೇನೆ, ಏಕೆಂದರೆ ಏಕಾದಶಿಯ ದಿನ ಸುಳ್ಳು ಬರೆಯಲಾರೆ. ಮನೆಯಾಕೆ ಮುನಿಯಮ್ಮ ಕ್ಷೇಮ; ಮಗ ಜಯಕುಮಾರ, ಸೊಸೆ ರಮ್ಯಾ ಇಬ್ಬರೂ ಕ್ಷೇಮ. ನನ್ನ ಬಲಗಾಲು ಕ್ಷೇಮವಾಗಿಲ್ಲ. ಅದನ್ನು ನಂಬಿ ನಿಂತಿರುವ ಮನಸ್ಸೂ ಕ್ಷೇಮವಾಗಿಲ್ಲ.

ನಿನ್ನ ಪತ್ರ ಶುಕ್ರವಾರ ತಲುಪಿತು. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆಂದು ಅಂಜಿ ನೀನು ಬರೆದಿರುವೆ. ಅದೇ ಅಂಜಿಕೆಯಿಂದ ನಾನೂ ಬರೆಯುತ್ತಿದ್ದೇನೆ. ಸಂಕ್ರಾಂತಿಯ ಮರುದಿನ ಕನಕಪುರದಲ್ಲಿ ಮಂಡ್ಯದ ಹಿರಿಯರೊಡನೆ ನಡೆಯುವ ಬಾಲ್ ಬ್ಯಾಡ್ಮಿಂಟನ್ ಪಂದ್ಯಕ್ಕೆ ನಮ್ಮ ಐವರ ಹೆಸರನ್ನು ಈ ವಾರದೊಳಗೆ ಕೊಡಬೇಕೆಂದೂ, ನಡುವಿನ ಸ್ಥಾನಕ್ಕೆ ರಾಮನಗರದ ಅಶ್ವಥನನ್ನು ತೆಗೆದುಕೊಳ್ಳಲು ನನ್ನ ಒಪ್ಪಿಗೆ ಬೇಕೆಂದೂ ತಿಳಿಸಿರುವೆ. ನಮ್ಮ ತಂಡದ ನಡಾವಳಿ ಅದೇ ತಾನೆ? ಆಡುವವನು ತಾನಾಗಿ ‘ನನ್ನ ಜಾಗ ಕೊಟ್ಟೆ’ ಎನ್ನುವವರೆಗೆ ಇನ್ನೊಬ್ಬನು ಅಲ್ಲಿ ಕಾಲಿಡುವಂತಿಲ್ಲ. ಒಬ್ಬನಿಗೆ ಜ್ವರ ಬಂದಾಗ ನಾಲ್ವರೇ ಆಡಿ ಸೋತದ್ದುಂಟು. ಕೇಳದೆ ಯಾರ ಜಾಗವನ್ನೂ ತುಂಬಿದ್ದಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೊನೆಯಲ್ಲಿ ನಿನ್ನ ಎಂದಿನ ಧಾಟಿಯಲ್ಲಿ, ‘ಲೇ ಹನುಮಂತ, ಅಂಪೈರ್ ಕುರ್ಚಿ ಮ್ಯಾಲೆ ರಾಜನಂಗೆ ಕೂತ್ಕಳ್ಲಾ. ಎಲ್ಲಾ ಒಳ್ಳೇದಕ್ಕೇ ಆಯ್ತು ಅಂದ್ಕೊ. ಒಸಿ ಪಾಸಿಟಿವ್ ಆಗಿರೋದು ಕಲ್ತ್ಕೊ’ ಎಂದು ಬರೆದೆಯಲ್ಲ, ಅದನ್ನು ಓದಿ ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ತಳ್ಳಿದೆ. ಮುನಿಯಮ್ಮ ತಂದಿಟ್ಟ ಕಾಫಿಯೂ ಆರಿ ತಣ್ಣಗಾಯಿತು.

ಪಾಸಿಟಿವ್ ಎಂಬ ಆ ಪದದಿಂದ ನಾನೆಷ್ಟು ನೊಂದಿದ್ದೇನೆಂಬುದು ನಿನಗೆ ತಿಳಿಯದು. ರಮ್ಯಾ ಒಳ್ಳೆಯ ಹುಡುಗಿ. ಆದರೆ ಪ್ರತಿದಿನ ಬೆಳಗ್ಗೆ ನನ್ನ ಮೊಬೈಲಿಗೆ ಗುಲಾಬಿ ಹೂವಿನ ಮೇಲೆ ಹಿತವಚನ ಬರೆದ ಚಿತ್ರವೊಂದನ್ನು ಕಳಿಸುತ್ತಾಳೆ, ಅದೂ ಪಕ್ಕದ ಕೋಣೆಯಿಂದ. ಎದುರು ಮನೆಯ ಮಾರಮ್ಮ ಬನ್ನು, ಬಾಳೆಹಣ್ಣು ಹಿಡಿದು ನೋಡಲು ಬಂದಳು. ‘ಅಯ್ಯೋ ಮೇಷ್ಟ್ರೇ, ಈ ವಯಸ್ನಾಗೆ ಚೆಂಡಾಟ ಯಾಕ್ ಬೇಕಾಗಿತ್ತು? ರಾಮ ಕೃಷ್ಣ ಅಂತ ಮೂಲೇಲಿ ಕೂತಿರೋದು ಬುಟ್ಟು’ ಎಂದು ಆರಂಭಿಸಿದವಳು, ನನ್ನ ಮುಖವನ್ನು ನೋಡಿ ಸಮಾಧಾನ ಹೇಳಬೇಕೆನಿಸಿತೋ ಏನೋ, ‘ಹೋಗ್ಲಿ ಬುಡಿ, ಸೊಂಟ ಮುರೀನಿಲ್ವಲ್ಲ, ಅದೇ ಪುಣ್ಯ’ ಎಂದಳು. ಸೊಂಟ ಮುರಿದು ಮಲಗಿರುವವನ ಮನೆಗೆ ಹೋದರೆ ಏನೆನ್ನುತ್ತಾಳೋ ಕಾಣೆ.

ಗಾಯವಾದ ಘಳಿಗೆಯನ್ನು ನೀನೂ ಮರೆತಿರಲಾರೆ. ಶ್ರಾವಣದ ಆ ಬೆಳಗು, ನಿಮ್ಮ ಚನ್ನಪಟ್ಟಣದ ಅಂಗಳ. ತಲೆಯ ಮೇಲಿನಿಂದ ಹಾರುತ್ತಿದ್ದ ಚೆಂಡಿಗೆ ನಾನು ಹಿಂದಕ್ಕೆ ಜಿಗಿದೆ. ಹಿಮ್ಮಡಿಯ ಮೇಲೆ ಬ್ಯಾಟಿನಿಂದ ಯಾರೋ ಬಾರಿಸಿದಂತಾಯಿತು. ನಾನು ತಿರುಗಿ, ‘ಯಾಕ್ಲಾ ಪುಟ್ಟಲಿಂಗ ಹೊಡ್ದೆ?’ ಎಂದು ಕೂಗಿದೆ. ‘ಯಾರ್ಲಾ ಹೊಡ್ದೋರು? ನಾನ್ ಇಲ್ಲಿ ಗೆರೆ ಮ್ಯಾಲೆ ನಿಂತಿವ್ನಿ, ಕಣ್ಣು ಹೋಯ್ತಾ?’ ಎಂದು ನೀನು ಬೈದೆ. ಆಮೇಲೆ ನಾನು ಹೆಜ್ಜೆ ಎತ್ತಲಾಗದೆ ಕುಳಿತುಬಿಟ್ಟಾಗ ಬೈಗುಳವನ್ನು ನಿಲ್ಲಿಸಿದೆ. ಹಿಮ್ಮಡಿಯನ್ನು ಮೀನಖಂಡಕ್ಕೆ ಬಿಗಿದಿರುವ ಹಗ್ಗದಂತಹ ಸ್ನಾಯುರಜ್ಜು ಹರಿದಿದೆಯೆಂದು ವೈದ್ಯರು ಹೇಳಿದರು. ಮೊಣಕಾಲಿನ ಕೆಳಗಿನವರೆಗೆ ಪಟ್ಟಿಗಳಿಂದ ಬಿಗಿಯುವ ದೊಡ್ಡ ಕಪ್ಪು ಬೂಟೊಂದನ್ನು ತೊಡಿಸಿ, ಹರಿದದ್ದು ಕೂಡುವವರೆಗೆ ಇದಿಲ್ಲದೆ ಕಾಲನ್ನು ನೆಲಕ್ಕೆ ಊರಬಾರದೆಂದು ವಿಧಿಸಿದರು.

ಇಲ್ಲಿಯವರೆಗಿನದು ವಿಧಿಯ ಆಟವೆನ್ನೋಣ. ಮುಂದಿನದು ನನ್ನ ಬುದ್ಧಿಯ ಆಟ. ಹರಿದದ್ದು ಕೂಡತೊಡಗಿತ್ತು. ನವರಾತ್ರಿ ಬಂದಿತು. ಒಂಬತ್ತು ದಿನವೂ ರಂಗನಾಥನ ದರ್ಶನ ಮಾಡುವುದು ನನ್ನ ತಂದೆಯ ಕಾಲದಿಂದ ನಡೆದು ಬಂದ ವ್ರತ. ಮೊದಲ ದಿನವೇ ಗುಡಿಯ ಬಾಗಿಲಲ್ಲಿ ನಿಂತು ಕೆಳಗೆ ನೋಡಿದೆ. ಕಾಲಲ್ಲಿ ಬೂಟು! ದೇವರ ಎದುರಿಗೆ ಪಾದರಕ್ಷೆಯನ್ನು ಮೆಟ್ಟಿ ನಿಲ್ಲುವುದುಂಟೇ? ಯಾರನ್ನೂ ಕೇಳಲಿಲ್ಲ. ಚಪ್ಪಲಿಗಳ ಸಾಲಿನಲ್ಲಿ ಕುಳಿತು ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಬೂಟನ್ನು ಅಲ್ಲಿಯೇ ಜೋಡಿಸಿಟ್ಟು, ಬರಿಗಾಲಿನಲ್ಲಿ ಒಳಗೆ ಹೋದೆ. ದರ್ಶನವಾಯಿತು. ಅಷ್ಟಕ್ಕೆ ಹಿಂದಿರುಗದೆ ಪ್ರದಕ್ಷಿಣೆಗೆ ಹೊರಟೆ. ಕಲ್ಲುಹಾಸಿನ ಒಂದು ಸಣ್ಣ ತಗ್ಗಿನಲ್ಲಿ ಹಿಮ್ಮಡಿ ಇಳಿಯಿತು. ಕೂಡುತ್ತಿದ್ದದ್ದು ಮತ್ತೆ ಜಗ್ಗಿತು.

ಅರ್ಚಕರು ಓಡಿ ಬಂದು ತೋಳು ಹಿಡಿದು ಕೂರಿಸಿದರು. ‘ಮೇಷ್ಟ್ರೇ, ನನ್ನನ್ನ ಒಂದು ಮಾತು ಕೇಳಬಾರದಾಗಿತ್ತೆ? ಅದು ಚಪ್ಪಲಿ ಅಲ್ಲ, ಔಷಧಿ. ಬ್ಯಾಂಡೇಜು ಬಿಚ್ಚಿ ಬನ್ನಿ ಅಂತ ಯಾವ ದೇವರೂ ಹೇಳಿಲ್ಲ’ ಎಂದು ಅಳುವಂತಾದರು. ಮುನಿಯಮ್ಮ ಅಳಲಿಲ್ಲ. ‘ಊರಿಗೆಲ್ಲ ಧರ್ಮಸೂಕ್ಷ್ಮ ಹೇಳ್ತೀರಿ. ದೇವ್ರು ನಿಮ್ ಕಾಲು ನೋಡ್ತಾನ, ಬುದ್ಧಿ ನೋಡ್ತಾನ? ಬುದ್ಧಿನೂ ಚಪ್ಪಲಿ ಜೊತೇಲೆ ಬುಟ್ಟು ಹೋಗಿದ್ರಲ್ಲ!’ ಎಂದಳು. ಅಂದಿನಿಂದ ಆ ಮಾತು ನಮ್ಮ ಮನೆಯಲ್ಲಿ ಸುಪ್ರಭಾತದಷ್ಟೇ ನಿಯತವಾಗಿ ಕೇಳಿಬರುತ್ತಿದೆ.

ಮೊದಲಿನಿಂದ ಮತ್ತೆ ಆರಂಭ. ರಾಮನಗರದಲ್ಲಿ ಆಯಿಷಾ ಎಂಬ ಫಿಸಿಯೋಥೆರಪಿಸ್ಟ್ ನನ್ನ ಕಾಲಿಗೆ ವ್ಯಾಯಾಮ ಮಾಡಿಸುತ್ತಾಳೆಂದು ನಿನಗೆ ಹಿಂದೆಯೇ ಹೇಳಿದ್ದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಾಸಿದ ಟವೆಲ್ಲನ್ನು ಕಾಲ್ಬೆರಳಿನಿಂದ ಮುದುರಿ ಮುದುರಿ ನನ್ನತ್ತ ಎಳೆದುಕೊಳ್ಳಬೇಕು. ಇದು ನನ್ನ ಸಾಧನೆ! ಪುರಾಣಗಳ ತಪಸ್ವಿಗಳು ಒಂಟಿಕಾಲಿನಲ್ಲಿ ನಿಂತ ಪ್ರಸಂಗಗಳನ್ನು ಎಷ್ಟೋ ಸಂಜೆ ಗುಡಿಯ ಪಡಸಾಲೆಯಲ್ಲಿ ವ್ಯಾಖ್ಯಾನಿಸಿದ್ದೇನೆ. ಸಹನೆಯನ್ನು ಕುರಿತು ನಾನು ಮಾತಾಡುತ್ತಿದ್ದರೆ ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತುಗಳಲ್ಲಿ ಒಂದಾದರೂ ಈ ಟವೆಲ್ಲಿನ ಎದುರು ನನ್ನ ಕೈ ಹಿಡಿಯಲಿಲ್ಲ. ಮೊನ್ನೆ ಸಿಟ್ಟಿನಿಂದ ಅದನ್ನು ಎತ್ತಿ ಗೋಡೆಗೆಸೆದೆ. ಎಸೆದ ಮೇಲೆ, ಬೂಟಿಲ್ಲದೆ ಎದ್ದು ಹೋಗಿ ತರಲಾಗದೆ ಮುನಿಯಮ್ಮನನ್ನು ಕರೆಯಬೇಕಾಯಿತು. ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತವಿಲ್ಲ.

ಆಯಿಷಾಳಿಗೂ ನನ್ನ ಕೋಪ ತಟ್ಟಿದೆ. ಕಳೆದ ಶನಿವಾರ, ನಿನ್ನ ಪತ್ರ ಬಂದ ಮರುದಿನ, ಸಂಕ್ರಾಂತಿಗೆ ಆಡಬಹುದೇ ಎಂದು ನೇರವಾಗಿ ಕೇಳಿದೆ. ‘ಇಲ್ಲ ಮೇಷ್ಟ್ರೇ’ ಎಂದಳು. ಒಂದೇ ಒಂದು ಆಟ, ನಡುವಿನಲ್ಲಿ ಸುಮ್ಮನೆ ನಿಂತುಕೊಂಡಾದರೂ? ‘ನೀವು ಸುಮ್ಮನೆ ನಿಂತ್ಕೊಳ್ಳೋರಾ? ಗುಡೀಲಿ ನಿಂತ್ಕೊಂಡ್ರಾ?’ ಎಂದಳು. ನನಗೆ ರೇಗಿತು. ಹಾಗಾದರೆ ನಾನು ದಿನವೂ ಈ ಕಸರತ್ತನ್ನು ಯಾವ ಸುಖಕ್ಕೆ ಮಾಡಬೇಕೆಂದು ಕೂಗಿದೆ. ಅವಳು ಕೂಗಲಿಲ್ಲ. ‘ನೀವು ದಿನಾ ಇವತ್ತಿನ ಕಾಲನ್ನ ಆಟದ ದಿನದ ಕಾಲಿಗೆ ಹೋಲಿಸ್ತೀರಿ, ಅದಕ್ಕೇ ದಿನಾ ಸೋಲ್ತೀರಿ. ನಿನ್ನೆ ಕಾಲಿಗೆ ಹೋಲಿಸಿ ನೋಡಿ. ಅದರಲ್ಲೂ ಸೋತ್ರೆ ಬಂದು ನನ್ನನ್ನ ಬೈರಿ’ ಎಂದಳು. ಬೈಯಲು ಇಷ್ಟು ಸ್ಪಷ್ಟವಾದ ಅಪ್ಪಣೆಯನ್ನು ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ.

ಇಂದು ಬೆಳಗ್ಗೆ ಸ್ನಾನ ಸಂಧ್ಯೆ ಮುಗಿಸಿ, ಬೈಯಲು ಕಾರಣ ಸಿಗಲೆಂದೇ, ಅವಳು ಹೇಳಿಕೊಟ್ಟಂತೆ ಕಿಟಕಿಯ ಸರಳುಗಳನ್ನು ಹಿಡಿದು ಎರಡೂ ಕಾಲುಗಳ ಮೇಲೆ ನಿಂತು ಹಿಮ್ಮಡಿಯನ್ನು ಎತ್ತಲು ನೋಡಿದೆ. ನಿನ್ನೆ ಅದು ನೆಲಕ್ಕೆ ಅಂಟಿಕೊಂಡಿತ್ತು. ಇಂದು ಎದ್ದಿತು, ಪುಟ್ಟಲಿಂಗ. ಬಸ್ಸಿನ ಟಿಕೆಟ್ಟೊಂದನ್ನು ಕೆಳಗೆ ತೂರಿಸಬಹುದಾದಷ್ಟು. ನಾನು ಹಿಗ್ಗಲಿಲ್ಲ. ಇಷ್ಟಕ್ಕೆ ಹಿಗ್ಗುವಂತಾಯಿತಲ್ಲ ಬಾಳು ಎಂದು ಮತ್ತೆ ರೇಗಿತು. ಆದರೆ ಆ ಟಿಕೆಟ್ಟಿನಷ್ಟು ಎತ್ತರ ನನ್ನದು. ಯಾರ ಹಿತವಚನದಿಂದಲೂ ಬಂದದ್ದಲ್ಲ. ಸಂಕ್ರಾಂತಿಗೆ ಹಟದಿಂದ ಅಂಗಳಕ್ಕಿಳಿದರೆ ಮೊದಲ ಚೆಂಡಿಗೇ ಅದು ಹೋಗುತ್ತದೆ. ಭಕ್ತಿಯ ಹೆಸರಿನಲ್ಲಿ ಆತುರಪಟ್ಟು ಒಮ್ಮೆ ಕಳೆದುಕೊಂಡೆ. ಸ್ನೇಹದ ಹೆಸರಿನಲ್ಲಿ ಆತುರಪಟ್ಟು ಇನ್ನೊಮ್ಮೆ ಕಳೆದುಕೊಂಡರೆ ಮುನಿಯಮ್ಮನ ಮಾತಿಗೆ ಶಾಸ್ತ್ರದ ಬಲ ಬರುತ್ತದೆ.

ಆದ್ದರಿಂದ ಈ ಏಕಾದಶಿಯಂದು ಉಪವಾಸದಲ್ಲಿದ್ದು ಬರೆಯುತ್ತಿದ್ದೇನೆ: ಐವರಲ್ಲಿ ನಡುವಿನ ಜಾಗವನ್ನು ಕೊಟ್ಟೆ. ಸಂತೋಷದಿಂದ ಕೊಟ್ಟೆನೆಂದು ತಂಡದಲ್ಲಿ ಹೇಳಬೇಡ; ಹಾಗೆ ಹೇಳಿದರೆ ಯಾರೂ ನಂಬಲಾರರು. ಎಲ್ಲವೂ ಒಳ್ಳೆಯದಕ್ಕೇ ಆಯಿತೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಆದದ್ದು ಕೆಟ್ಟದ್ದೇ. ಕೆಟ್ಟದ್ದನ್ನು ಕೆಟ್ಟದ್ದೆಂದು ಕರೆದ ಮೇಲೂ ನಾಳೆ ಬೆಳಗ್ಗೆ ಆ ಕಿಟಕಿಯ ಸರಳುಗಳನ್ನು ಹಿಡಿಯುತ್ತೇನೆ. ನೀನು ಪಾಸಿಟಿವ್ ಎಂದದ್ದು ಇದನ್ನೇ ಆಗಿದ್ದರೆ, ಅಷ್ಟರಮಟ್ಟಿಗೆ ನಿನ್ನ ಮಾತನ್ನು ಒಪ್ಪಿದ್ದೇನೆ. ಅಂಪೈರ್ ಕುರ್ಚಿ ಮಾತ್ರ ಬೇಡ. ನಮ್ಮ ತಂಡದ ಕಡೆಗೆ ಪಕ್ಷಪಾತ ಮಾಡದೆ ನನ್ನಿಂದ ಕುಳಿತಿರಲಾಗದು.

ಕನಕಪುರದ ಅಂಗಳದಲ್ಲಿ ಅಂದು ಇಳಿಯುವ ಹತ್ತು ಮಂದಿಗೂ, ನಮ್ಮವರಿಗೂ ಮಂಡ್ಯದವರಿಗೂ, ಗಾಯವಿಲ್ಲದೆ ಮನೆ ಸೇರುವ ಭಾಗ್ಯವನ್ನು ರಂಗನಾಥನು ಅನುಗ್ರಹಿಸಲಿ. ಅಶ್ವಥನ ಕಣ್ಣು ಚುರುಕಾಗಿರಲಿ. ಆಯಿಷಾಳ ಕೈಗುಣ ಬೆಳೆಯಲಿ. ಗುಲಾಬಿ ಕಳಿಸುವ ಸೊಸೆಯೂ, ಬನ್ನು ತಂದ ಮಾರಮ್ಮನೂ, ನನ್ನನ್ನು ಬೈಯುತ್ತಲೇ ಬೂಟಿನ ಪಟ್ಟಿಯನ್ನು ಬಿಗಿಯುವ ಮುನಿಯಮ್ಮನೂ ನೂರ್ಕಾಲ ಬಾಳಲಿ. ನಿನಗೂ ನಿನ್ನ ಮನೆಯವರಿಗೂ ಸರ್ವಮಂಗಳವಾಗಲಿ.

ಇಂತಿ ನಿನ್ನ ಬಾಲ್ಯದ ಸಂಗಾತಿ,
ಹನುಮಂತಯ್ಯ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಶನಿವಾರ ಆಯಿಷಾಳೊಡನೆ ಜಗಳವಾಡಿ ಹೊರಬಿದ್ದವನು ಮಾಗಡಿಯ ಬಸ್ಸು ಹತ್ತಲಿಲ್ಲ. ಅಲ್ಲಿಯೇ ಪರಿಚಯದ ಮೆಹಬೂಬನ ಆಟೋ ಹಿಡಿದು ಚನ್ನಪಟ್ಟಣಕ್ಕೆ ಬಂದೆ; ಮನೆಯಲ್ಲಿ ಇದು ಗೊತ್ತಿಲ್ಲ. ನಿಮ್ಮ ಅಂಗಳದ ಕಾಂಪೌಂಡಿನ ಆಚೆ, ಆಟೋದಿಂದ ಇಳಿಯದೆ, ನೀವು ಆಡುವುದನ್ನು ನೋಡಿದೆ. ನೀವು ನಾಲ್ವರೇ ಆಡುತ್ತಿದ್ದಿರಿ. ನಡುವಿನ ಜಾಗ ಖಾಲಿ ಇತ್ತು. ಅಶ್ವಥನು ಬ್ಯಾಟು ಹಿಡಿದುಕೊಂಡು ಗೆರೆಯ ಹೊರಗೆ ನಿಂತೇ ಇದ್ದ. ಚೆಂಡು ಆ ಖಾಲಿ ಜಾಗಕ್ಕೆ ಬಿದ್ದಾಗಲೆಲ್ಲ ನೀನು ಹಿಂದಿನಿಂದ ಓಡಿ ಬಂದು ಜಿಗಿಯುತ್ತಿದ್ದೆ. ಇನ್ನು ಮೇಲೆ ಹಾಗೆ ಓಡಬೇಡ ಕಣ್ಲಾ. ಒಬ್ಬನ ಹಿಮ್ಮಡಿ ಹೋಗಿದ್ದು ಸಾಕು.