ಕೆಂಪು ಶಾಲು ಮತ್ತು ಅತ್ತೆಯ ತೊಡೆ

ತಂಪೂರು, ಎಲುಬುವಾರ
30 ಫೆಬ್ರವರಿ 2219

ಇನ್ನೂ ಬಿಸಿಲಿನಲ್ಲಿ ಓಡಾಡುತ್ತಿರುವ ಹಿರಿಯರಿಗೆ, ಪಿಳ್ಳಪ್ಪನ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿಲ್ಲವೆಂದು ಬಲ್ಲೆ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾಚಿಕೆ ತಡೆಯಲಾರದೆ ಬರೆಯುತ್ತಿದ್ದೇನೆ.

ನಮ್ಮ ತಂಪೂರು ಕೋಲಾರದ ಕಡೆಯ ಬಂಡೆಬೆಟ್ಟವೊಂದನ್ನು ಕೊರೆದು ಮಾಡಿದ ಊರು. ಹೊರಗಿನ ಬಿಸಿಲು ಮನುಷ್ಯರು ತಾಳುವಂಥದ್ದಲ್ಲ. ವಾರಕ್ಕೊಂದು ಗಂಟೆ ಬಿಸಿಲುಪಡಿ, ಅಂದರೆ ಬೆಟ್ಟದ ಬಾಗಿಲಲ್ಲಿ ಸರದಿಯ ಮೇಲೆ ಸಿಗುವ ಎಳೆಬಿಸಿಲು. ಅದು ಸಾಲದೆ ವಯಸ್ಸಾದವರ ಮೂಳೆಗಳು ಬೇಗ ಟೊಳ್ಳಾಗುತ್ತವೆ. ಅದಕ್ಕೆ ನಿಮ್ಮ ಕಾಲದ ವಾರಕ್ಕೊಂದು ಗುಳಿಗೆಯನ್ನೇ ಇಂದಿಗೂ ನೆಚ್ಚಿಕೊಂಡಿದ್ದೇವೆ. ಅದನ್ನು ನುಂಗುವ ದಿನವೇ ಎಲುಬುವಾರ. ಬೆಳಿಗ್ಗೆ ಹಿರಿಯರೆಲ್ಲ ಖಾಲಿ ಹೊಟ್ಟೆಯಲ್ಲಿ ಊರ ಪಡಸಾಲೆಗೆ ಬಂದು, ದೊಡ್ಡ ಲೋಟದ ತುಂಬ ನೀರಿನೊಡನೆ ಗುಳಿಗೆ ನುಂಗಿ, ಅರ್ಧ ಗಂಟೆ ನೆಟ್ಟಗೆ ಕೂರುತ್ತಾರೆ. ಆಮೇಲೆ ರಾಗಿ ಗಂಜಿ. ಒಬ್ಬೊಬ್ಬ ಹಿರಿಯರಿಗೂ ಮನೆಯವರೊಬ್ಬರು ಗುಳಿಗೆಗಾರರು. ಐನೂರು ವಾರ ಒಂದೂ ತಪ್ಪದಿದ್ದರೆ ಗುಳಿಗೆಗಾರರಿಗೆ ಎಲ್ಲರೆದುರು ಕೆಂಪು ಶಾಲು ಹೊದಿಸುತ್ತಾರೆ. ನುಂಗಿದವರಿಗಲ್ಲ, ನುಂಗಿಸಿದವರಿಗೆ! ಅದರಲ್ಲಿ ನಗುವಂಥದ್ದೇನೂ ನನಗಾಗ ಕಂಡಿರಲಿಲ್ಲ.

ನಾನು ನನ್ನ ಸೋದರತ್ತೆ ಮುನಿರತ್ನಮ್ಮನ ಗುಳಿಗೆಗಾರ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಅತ್ತೆ ಗುಳಿಗೆ ನುಂಗತೊಡಗಿ ಐದು ವರ್ಷ ತುಂಬಿದಾಗ ವೈದ್ಯರು ಹೇಳಿಕಳಿಸಿದರು: ಗುಳಿಗೆ ಮುಂದುವರಿಸಬೇಕೋ, ಕೆಲಕಾಲ ಬಿಡಬಹುದೋ ನೋಡೋಣ, ಕರೆತನ್ನಿ ಎಂದು. ಬಿಡಿ ಎಂದುಬಿಟ್ಟರೆ ನನ್ನ ಶಾಲಿನ ಗತಿ? ಅತ್ತೆಗೆ ನೆಗಡಿ ಎಂದೆ. ಮತ್ತೊಮ್ಮೆ ಕರೆದಾಗ ಮತ್ತೊಂದು ನೆಪ. ಆಮೇಲೆ ಅವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ನಾನೂರ ಎಪ್ಪತ್ತನೆಯ ವಾರದ ಸುಮಾರಿಗೆ ಅತ್ತೆ, "ತೊಡೆ ಒಳಗೆ ಮೂಳೇನೇ ನೋಯ್ತದೆ ಕಣೋ ಪಿಳ್ಳ, ಎರಡೂ ಕಡೆ" ಅಂದಳು. ವಯಸ್ಸಾಯಿತಲ್ಲ ಎಂದು ಹರಳೆಣ್ಣೆ ತಿಕ್ಕಿದೆ. ಇನ್ನೂ ಎರಡು ಸಲ ಹೇಳಿದಳು. ಮೂರನೆಯ ಸಲ ನಾನು ಗದರಿದೆ: "ಇನ್ನು ಕೆಲವೇ ವಾರ ಅತ್ತೆ, ಸುಮ್ನೆ ಕೂತ್ಕೋ." ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ನೋವು ಹೋಯಿತೆಂದುಕೊಂಡೆ.

ಐನೂರನೆಯ ಎಲುಬುವಾರ ನನಗೆ ಶಾಲು ಹೊದಿಸಿದರು. ನೋಡಲೆಂದು ಅತ್ತೆ ಮಣೆಯಿಂದೆದ್ದು ನನ್ನ ಕಡೆ ತಿರುಗಿದಳು, ಅಷ್ಟೇ. ಎಡವಲಿಲ್ಲ, ಜಾರಲಿಲ್ಲ. ಒಣಜಾಲಿ ಕಡ್ಡಿ ಮುರಿದಂತೆ ಸದ್ದಾಯಿತು. ಬಲತೊಡೆಯ ಮೂಳೆ ನಡುವೆ ಮುರಿದು, ಆಮೇಲೆ ಅವಳು ಬಿದ್ದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಗುಳಿಗೆ ಕೆಟ್ಟದ್ದಲ್ಲ ಎಂದರು ವೈದ್ಯರು. ಎಷ್ಟೋ ಜನರ ಸೊಂಟ, ಬೆನ್ನುಮೂಳೆ ಉಳಿಸಿದೆ. ಆದರೆ ಬಹುಕಾಲ ನುಂಗಿದವರಲ್ಲಿ ಅಪರೂಪಕ್ಕೆ ಕೆಲವರಿಗೆ ತೊಡೆಮೂಳೆಯ ಸಣ್ಣ ಬಿರುಕುಗಳು ಕೂಡಿಕೊಳ್ಳುವುದಿಲ್ಲ; ಮುರಿಯುವುದಕ್ಕೆ ವಾರಗಳ ಮೊದಲೇ ತೊಡೆಯಲ್ಲೋ ತೊಡೆಸಂದಿಯಲ್ಲೋ ನೋವು ಕಾಣಿಸಿಕೊಳ್ಳಬಹುದು. ಇದೆಲ್ಲ ನಿಮ್ಮ ಕಾಲದ ವೈದ್ಯರೇ ಬರೆದಿಟ್ಟದ್ದಂತೆ. ನೆಟ್ಟಗೆ ಕೂರಿ ಎಂದು ಅವರು ಬರೆದ ಸಾಲನ್ನು ನಾವು ಆಚಾರ ಮಾಡಿಕೊಂಡೆವು, ಅದರ ಕೆಳಗಿನ ಸಾಲನ್ನು ಓದಲಿಲ್ಲ. ಎಡತೊಡೆಯಲ್ಲೂ ಬಿರುಕು ಕಂಡಿತು. ಮುರಿಯುವ ಮುಂಚೆಯೇ ಅದಕ್ಕೂ ಲೋಹದ ಸರಳು ಕೂರಿಸಿದರು.

ಅತ್ತೆ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ನೋವಿದ್ದೂ ಹೇಳುವುದನ್ನು ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿದೆ. "ನಿನ್ ಶಾಲು ತಪ್ಪೋಗ್ತದೆ ಅಂತ ಕಣೋ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶಾಲನ್ನು ಮಡಚಿ ಅವಳ ಕಾಲಡಿಗೆ ದಿಂಬಿನಂತೆ ಇಟ್ಟಿದ್ದೇನೆ. ಅವಳು ಮಾತ್ರ ಕೊಳೆಯಾಗುತ್ತದೆಂದು ಪಕ್ಕಕ್ಕೆ ಸರಿಸುತ್ತಾಳೆ.

ನಿಮ್ಮಲ್ಲೊಂದು ಬೇಡಿಕೆ. ಹೆದರಿ ಗುಳಿಗೆ ಬಿಸಾಡಬೇಡಿ, ವೈದ್ಯರು ಕರೆದಾಗ ನೆಪ ಹೇಳಬೇಡಿ. ನಿಮ್ಮ ಮನೆಯಲ್ಲಿ ವರ್ಷಗಟ್ಟಲೆ ಅದನ್ನು ನುಂಗುತ್ತಿರುವವರ ಪಕ್ಕ ಕುಳಿತು, ತೊಡೆ ನೋಯುತ್ತದೆಯೇ ಎಂದು ಕೇಳಿ. ಇಲ್ಲ ಎಂದರೆ ಮುಖ ನೋಡಿ ಇನ್ನೊಮ್ಮೆ ಕೇಳಿ. ಶಾಲಿನ ದಿನ ಬೆಳಿಗ್ಗೆ ನಾನೂ ಒಂದು ಸಲ ಕೇಳಿದ್ದೆ. ಅತ್ತೆ ನಗುತ್ತ, "ಇಲ್ಲ ಕಣೋ" ಅಂದಿದ್ದಳು.