ನಾನು ತುಂಬಿದ ಬಾಟಲಿಗಳು

ಕಾರ್ಖಾನೆಯ ವಸತಿ, ಮನೆ ಹದಿನಾಲ್ಕು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಪ್ರಯೋಗಾಲಯದಲ್ಲಿ ಕೂತರೆ ನಿನಗೆ ಹಸಿವೆಯ ನೆನಪೇ ಇರುವುದಿಲ್ಲ ಎಂದು ಗೊತ್ತು, ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಪಾಪ, ಅದಾದರೂ ನನ್ನನ್ನು ಬಿಟ್ಟು ಎಲ್ಲಿಗೆ ಹೋದೀತು.

ಮಾವ ಗುಂಡಿಯಲ್ಲಿ ಉಸಿರುಕಟ್ಟಿ ಹೋದ ಎಂದಷ್ಟೇ ಫೋನಿನಲ್ಲಿ ಹೇಳಿದೆ. ಮೂರು ದಿನದ ದಾರಿ, ಬರಬೇಡ ಎಂದವಳೂ ನಾನೇ. ಆದರೆ ಅದು ಹೇಗಾಯಿತು ಎಂಬುದು ನಿನಗೆ ತಿಳಿಯಬೇಕು. ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ಹೋದ ವರ್ಷ ನೀನು ನಮ್ಮ ಕೊಳಚೆ ಶೆಡ್ಡಿಗೆ ಆ ಗಾಜಿನ ಕೊಳವೆಗಳನ್ನು ತಂದು ನಿಲ್ಲಿಸಿದ ದಿನ ಅವನು ಎಷ್ಟು ಹಿಗ್ಗಿದ್ದ! "ಬೆಳಕು ಬಿದ್ರೆ ಒಳಗೆ ಬಳಿದಿರೋ ಈ ಬಿಳಿ ಪುಡಿ ನೀರಿನ ಕೊಳೆನ ಸುಟ್ಟು ಹಾಕತ್ತೆ ಮಾವ, ಬೆಂಕಿನೇ ಬೇಡ" ಎಂದು ನೀನು ಹೇಳಿದ್ದಕ್ಕೆ, "ಹಾಗಿದ್ರೆ ನನ್ನ ಬನಿಯನ್ನಿಗೂ ಒಂದು ಕೋಟು ಬಳಿದು ಹೋಗಮ್ಮ" ಎಂದಿದ್ದ. ಇಡೀ ಕ್ಯಾಂಟೀನಿಗೆ ಅದನ್ನು ಒಂದು ವಾರ ಹೇಳಿಕೊಂಡು ತಿರುಗಿದ. ಪಂಪು ನೋಡಿಕೊಳ್ಳುವವನ ಸೋದರಸೊಸೆ ವಿಜ್ಞಾನಿ ಎಂದರೆ ಸುಮ್ಮನೆಯೇ?

ನಾನು ಶೆಡ್ಡಿನಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ ಬಾಟಲಿಗಳಿಂದ ನಿನ್ನ ವರದಿ ಚೆನ್ನಾಗಿ ಬಂತಲ್ಲ, ಅದನ್ನು ಹಿಡಿದುಕೊಂಡೇ ಮ್ಯಾನೇಜರು ಹಳೆಯ ಕೊಳಚೆ ಗುಂಡಿಗೆ ಗಾಳಿ ಊದುವ ಯಂತ್ರಗಳನ್ನು ನಿಲ್ಲಿಸಿಬಿಟ್ಟರು. "ಎರಡೆರಡು ಯಾಕ್ರೀ? ಮಗಳು ಬೆಳಕಲ್ಲೇ ತೊಳೀತಾಳಲ್ಲ!" ಎಂದು ನನ್ನ ಮುಖ ನೋಡಿಯೇ ನಕ್ಕರು. ಆಲೂಗಡ್ಡೆ ಸುಲಿದ ನೀರು, ಹುರಿದ ಎಣ್ಣೆಯ ಜಿಡ್ಡು ಎಲ್ಲ ಆ ಗುಂಡಿಯಲ್ಲೇ ನಿಂತು ಕೊಳೆಯತೊಡಗಿತು. ಮೊದಲು ಗಂಜಿ ಹುಳಿಯಾದ ವಾಸನೆ. ಆಮೇಲೆ ಕೊಳೆತ ಮೊಟ್ಟೆಯ ನಾತ. ಎರಡು ಸಲ ಪುಸ್ತಕದಲ್ಲಿ ದೂರು ಬರೆದ ಮಾವ. ಯಾರೂ ಪುಟ ತಿರುವಲಿಲ್ಲ.

ಆ ಗುರುವಾರ ಹನ್ನೊಂದು ಗಂಟೆಗೆ ಸಿಪ್ಪೆ ಸಿಕ್ಕಿಕೊಂಡು ಪಂಪು ನಿಂತಿತು. "ಐದೇ ನಿಮಿಷ ಅಕ್ಕ, ನೀನು ಬಾಟಲಿ ತೊಳೀತಾ ಇರು" ಎಂದು ಏಣಿ ಇಳಿದ. ನಾನು ಎರಡು ಬಾಟಲಿ ತೊಳೆದಿರಬೇಕು. ಕೆಳಗೆ ಸ್ಪ್ಯಾನರ್ ಬಿದ್ದ ಸದ್ದಾಯಿತು. ಬಗ್ಗಿ ನೋಡಿದರೆ ಅವನು ಮೊಣಕಾಲೂರಿ, ಮುಖ ಕೆಳಗೆ ಮಾಡಿ ಒರಗಿದ್ದ. ಕೂಗಿದೆ. ಓಡಿ ಬಂದ ಫಿಟ್ಟರು ಏಣಿಗೆ ಕಾಲಿಟ್ಟಾಗ ಅವನ ಅಂಗಿ ಹಿಡಿದು ಎಳೆದೆ. ಎಳೆದ ರಭಸಕ್ಕೆ ಅಂಗಿಯ ಗುಂಡಿಗಳು ಕಿತ್ತುಹೋದವು. ಗಾಳಿಯಿಲ್ಲದ ಗುಂಡಿಗೆ ಒಬ್ಬನ ಹಿಂದೆ ಒಬ್ಬ ಇಳಿದರೆ ಇಬ್ಬರೂ ಹೋಗುತ್ತಾರೆ ಎಂದು ಮಾವನೇ ನನಗೆ ಹೇಳಿಕೊಟ್ಟಿದ್ದ. ಒಡಹುಟ್ಟಿದವನು ಕೆಳಗೆ ಬಿದ್ದಿರುವಾಗ ಅವನನ್ನು ಎತ್ತಲು ಹೊರಟವನನ್ನು ನಾನೇ ತಡೆದೆ. ಆಮ್ಲಜನಕದ ಮುಖವಾಡ ಹಾಕಿಕೊಂಡವರು ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಫಿಟ್ಟರಿಗೆ ಮೂರು ಮಕ್ಕಳು. ಈಗ ನನ್ನನ್ನು ಕಂಡರೆ ಕೈಮುಗಿಯುತ್ತಾನೆ. ನನಗೆ ಅದು ಬೇಡ.

ವಿಚಾರಣೆಯ ಕಾಗದದಲ್ಲಿ "ಕೆಲಸಗಾರನ ಅಜಾಗರೂಕತೆ" ಎಂದು ಬರೆದಿದ್ದಾರೆ. ನಿನ್ನ ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಅವನ ಎರಡನೇ ಜೊತೆ ಸಮವಸ್ತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಇಟ್ಟಳು. ಆಮೇಲೆ "ಅತ್ತಿಗೆ, ಮುಂಚೆ ಆ ಗುಂಡಿ ಹಾಗೆ ನಾರ್ತಿರ್ಲಿಲ್ಲ ಅಲ್ವಾ?" ಎಂದು ಕೇಳಿದಳು. ನಾನು ಒಲೆ ಆರಿಸುವ ನೆಪ ಮಾಡಿ ಒಳಗೆ ಹೋದೆ.

ನೀನು ಅಳುತ್ತಾ ಕೂರಬೇಡ. ನಿನ್ನ ವಿದ್ಯೆಯ ಮೇಲೆ ಅವನಿಗಿದ್ದ ನಂಬಿಕೆ ಕೊನೆಯವರೆಗೂ ಕದಲಲಿಲ್ಲ. ಮೈ ನೋಡಿಕೋ. ನಿನಗೆ ಒಳ್ಳೆಯದಾಗಲಿ ಎಂದು ಇಲ್ಲಿ ಇನ್ನೂ ಒಂದು ಜೀವ ಹಾರೈಸುತ್ತಿದೆ ಎಂಬುದನ್ನು ಮರೆಯಬೇಡ.

ನಿನ್ನ
ಅಮ್ಮ

ಇನ್ನೊಂದು ಮಾತು. ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಪರೀಕ್ಷೆಗೆ ಕಳಿಸಿದ ಬಾಟಲಿಗಳಲ್ಲಿ ಮೊದಲ ವಾರದವು ಮಾತ್ರ ನಿಜ. ಆಗ ಬರೀ ಆಲೂಗಡ್ಡೆ ತೊಳೆದ ತಿಳಿನೀರು ಬರುತ್ತಿತ್ತು. ಸುಲಿದ ನೀರು ಬಂದ ಎರಡೇ ದಿನಕ್ಕೆ ಕೊಳವೆಯೊಳಗೆ ಲೋಳೆ ಕಟ್ಟಿತು, ಬೆಳಕು ಗಾಜಿನಲ್ಲೇ ನಿಂತಿತು. ಹೀಗೇ ಆದರೆ ಮಗಳ ಕೊಳವೆ ಬಿಚ್ಚಿಸುತ್ತಾರೆ ಎಂದು ಪರೀಕ್ಷೆ ಮಾಡುವವರು ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವತ್ತಿನಿಂದ ಪ್ರತಿ ಬಾಟಲಿಗೂ ಅರ್ಧಕ್ಕಿಂತ ಹೆಚ್ಚು ನಲ್ಲಿ ನೀರು ಬೆರೆಸಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಮಾವ ಒಂದು ದಿನ ಕಂಡ. "ಬೇಡ ಅಕ್ಕ" ಎಂದ, ನನಗಾಗಿ ಬಾಯಿ ಮುಚ್ಚಿಕೊಂಡ. ನಿನ್ನ ಲೆಕ್ಕ ತಪ್ಪಲ್ಲ ಪುಟ್ಟಿ, ನಾನು ಕೊಟ್ಟ ನೀರೇ ಸುಳ್ಳು. ಇನ್ನೂ ಮೂರು ಕಾರ್ಖಾನೆಯವರು ಕೊಳವೆ ಹಾಕಿಸುತ್ತಾರೆ ಎಂದೆಯಲ್ಲ, ಅವರಿಗೆ ಇವತ್ತೇ ಫೋನ್ ಮಾಡು. ಗಾಳಿ ಯಂತ್ರ ನಿಲ್ಲಿಸಬೇಡಿ, ಗುಂಡಿಗೆ ಯಾರನ್ನೂ ಇಳಿಸಬೇಡಿ ಎನ್ನು. ಯಾಕೆ ಎಂದು ಕೇಳಿದರೆ ಈ ಕಾಗದ ತೋರಿಸು. ನನ್ನ ಹೆಸರು ಮುಚ್ಚಬೇಡ. ನಾನು ಈಗ ಅತ್ತೆಯ ಮನೆಗೆ ಹೊರಟಿದ್ದೇನೆ, ಹೇಳಲು.